ಬೈಲಕುಪ್ಪೆಯೋ, ಮುಂಡಗೋಡವೋ, ಗಾಂಧಿನಗರವೋ, ಕಲಬುರಗಿಯೋ: ಬೌದ್ಧ ದೇಗುಲಕ್ಕೆ ಹೊರಡುವವರ ಆಯ್ಕೆಗೆ ಒಂದು ಮಾರ್ಗದರ್ಶಿ

ಬೌದ್ಧ ದೇಗುಲವೊಂದನ್ನು ಕಂಡುಬರಬೇಕೆನ್ನುವ ಕನ್ನಡಿಗರು ಅದಕ್ಕಾಗಿ ಬೋಧಗಯೆಗೋ ಸಾರನಾಥಕ್ಕೋ ಹೋಗಲೇಬೇಕೆಂದಿಲ್ಲ. ಟಿಬೆಟಿನಿಂದ ಬಂದವರು ಇಲ್ಲಿ ಮತ್ತೆ ಕಟ್ಟಿಕೊಂಡ ಮಹಾಮಠಗಳು, ಶ್ರೀಲಂಕಾ, ಬರ್ಮಾಗಳಲ್ಲಿ ಪಾಲಿಸುವ ಥೇರವಾದ ಪರಂಪರೆಯ ವಿಹಾರ, ಅಂಬೇಡ್ಕರ್ ಅವರ ದಾರಿಯಲ್ಲಿ ಬೌದ್ಧರಾದವರ ವಿಹಾರ, ಎರಡು ಸಾವಿರ ವರ್ಷ ಹಳೆಯ ಸ್ತೂಪದ ಅವಶೇಷ ಎಲ್ಲವೂ ನಮ್ಮ ರಾಜ್ಯದೊಳಗೇ ಇವೆ. ತೊಡಕಿರುವುದು ಆಯ್ಕೆಯಲ್ಲಿ. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿದ ಮೇಲೆ ಮುಂಡಗೋಡದಲ್ಲಿ ಬೇರೇನಾದರೂ ಇದೆಯೇ ಎಂದು ಒಬ್ಬರು ಕೇಳುತ್ತಾರೆ. ವಯಸ್ಸಾದ ತಂದೆತಾಯಿಯನ್ನು ಕರೆದೊಯ್ಯಲು ಯಾವುದು ಅನುಕೂಲ ಎಂಬುದು ಇನ್ನೊಬ್ಬರ ಚಿಂತೆ. ಒಂದು ಗಂಟೆ ಸುಮ್ಮನೆ ಕುಳಿತುಬರಲು ಬೆಂಗಳೂರಿನಲ್ಲೇ ಜಾಗವಿಲ್ಲವೇ ಎನ್ನುವವರೂ ಇದ್ದಾರೆ. ಇವರೆಲ್ಲರಿಗೂ ಒಂದೇ ಊರಿನ ಹೆಸರು ಹೇಳಿದರೆ ಇಬ್ಬರಿಗಾದರೂ ನಿರಾಶೆ ಖಚಿತ, ಏಕೆಂದರೆ ಕಣ್ಣಿಗೆ ಹಬ್ಬವಾಗುವ ಜಾಗ ಕುಳಿತುಕೊಳ್ಳುವವರಿಗೆ ಒಗ್ಗುವುದಿಲ್ಲ, ಇತಿಹಾಸ ಅತ್ಯಂತ ದಟ್ಟವಾಗಿರುವ ಜಾಗದಲ್ಲಿ ಇಂದು ಪೂಜೆಯೇ ನಡೆಯುವುದಿಲ್ಲ.

ಮೊದಲು ಏನನ್ನು ತೂಗಿ ನೋಡಬೇಕು

ಎಲ್ಲಕ್ಕಿಂತ ಮುಂಚೆ ನಿಮಗೆ ಬೇಕಾದದ್ದು ನೋಟವೋ, ಮೌನವೋ, ಭಿಕ್ಷುಗಳ ದಿನಚರಿಯ ಪರಿಚಯವೋ, ಇತಿಹಾಸವೋ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. ಮನೆಮಂದಿಯೆಲ್ಲ ಹೊರಡುವಾಗ ಈ ನಾಲ್ಕೂ ಬೇಕೆನ್ನಿಸುವುದು ಸಹಜವಾದರೂ ಒಂದೇ ಪ್ರಯಾಣದಲ್ಲಿ ಎರಡಕ್ಕಿಂತ ಹೆಚ್ಚು ದಕ್ಕುವುದು ಅಪರೂಪ.

ಎರಡನೆಯದು ಪರಂಪರೆ. ಬೌದ್ಧ ದೇಗುಲ ಎಂದ ಕೂಡಲೇ ಎಲ್ಲ ಕಡೆಯೂ ಒಂದೇ ಬಗೆಯ ಆಚರಣೆ ಇರುತ್ತದೆಂದು ಎಣಿಸಿ ಹೋದವರು ಗೊಂದಲಕ್ಕೆ ಬೀಳುತ್ತಾರೆ. ಟಿಬೆಟನ್ ಮಠಗಳಲ್ಲಿ ಬುದ್ಧನ ಜೊತೆಗೆ ಗುರುಗಳು, ಬೋಧಿಸತ್ವರು, ಉಗ್ರರೂಪದ ಧರ್ಮಪಾಲಕರು ಇರುತ್ತಾರೆ. ಡೋಲು, ತಾಳ, ಉದ್ದನೆಯ ಕೊಂಬುಗಳ ಸದ್ದಿರುತ್ತದೆ. ಥೇರವಾದದ ವಿಹಾರದಲ್ಲಿ ಬುದ್ಧನೊಬ್ಬನ ಮೂರ್ತಿ, ಪಾಲಿ ಭಾಷೆಯ ಪಠಣ, ಅದರಾಚೆಗೆ ಹೆಚ್ಚಿನದೇನೂ ಇಲ್ಲ. ಕಲಬುರಗಿಯ ಬುದ್ಧವಿಹಾರಕ್ಕೆ ಬರುವ ಬಹುಪಾಲು ಜನರಿಗೆ ಅದು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಸ್ವೀಕರಿಸಿದ ಧಮ್ಮದ ತಾಣ. ಅಲ್ಲಿ ಭಕ್ತಿಯ ಜೊತೆಗೆ ಸ್ವಾಭಿಮಾನವೂ ಇದೆ.

ಖರ್ಚಿನ ಲೆಕ್ಕ ಹಾಕುವಾಗ ದೇಗುಲದೊಳಗಿನ ಖರ್ಚನ್ನು ಬಿಟ್ಟೇಬಿಡಬಹುದು. ಅರ್ಚನೆಯ ಚೀಟಿ, ವಿಶೇಷ ದರ್ಶನದ ಸಾಲು ಎಂಬ ಪದ್ಧತಿ ಇಲ್ಲಿ ಇಲ್ಲ. ಕಾಣಿಕೆ ಡಬ್ಬಿಗೆ ಹಾಕುವುದೂ ಬಿಡುವುದೂ ನಿಮಗೆ ಸೇರಿದ್ದು. ಹಣ ಹೋಗುವುದು ದಾರಿಗೆ, ಅದರಲ್ಲೂ ಬಸ್ಸು ಇಳಿದ ಮೇಲಿನ ಕೊನೆಯ ಕೆಲವು ಕಿಲೋಮೀಟರ್‌ಗಳಿಗೆ. ಇದರ ಜೊತೆಗೆ ಸಂಗಡ ಬರುವವರ ವಯಸ್ಸು ಮತ್ತು ಹೊರಡುವ ತಿಂಗಳು ಎಂಬ ಎರಡನ್ನೂ ನೆನಪಿನಲ್ಲಿಟ್ಟುಕೊಂಡರೆ ಅಳತೆಗೋಲು ಸಿದ್ಧವಾದಂತೆ.

ಬೈಲಕುಪ್ಪೆ: ಮೊದಲ ಭೇಟಿಗೆ, ಕುಟುಂಬಕ್ಕೆ

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಆರಂಭವಾದದ್ದು 1960ರ ದಶಕದ ಮೊದಲ ವರ್ಷಗಳಲ್ಲಿ. ಟಿಬೆಟನ್ ಗುರು ಪೆನೊರ್ ರಿನ್‌ಪೊಚೆ ಅವರು 1963ರಲ್ಲಿ ಇಲ್ಲಿ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಮಠ ಟಿಬೆಟನ್ ಬೌದ್ಧ ಧರ್ಮದ ಅತ್ಯಂತ ಹಳೆಯ ಪಂಥವಾದ ಞಿಂಗ್ಮಾಕ್ಕೆ ಸೇರಿದ್ದು. ಜನ ಗೋಲ್ಡನ್ ಟೆಂಪಲ್ ಅಥವಾ ಸ್ವರ್ಣ ದೇಗುಲ ಎಂದು ಕರೆಯುವುದು ಈ ಮಠದ ಆವರಣದೊಳಗಿನ, 1999ರಲ್ಲಿ ಉದ್ಘಾಟನೆಗೊಂಡ ಪದ್ಮಸಂಭವ ವಿಹಾರವನ್ನು.

ನೋಟಕ್ಕೆಂದು ಹೋಗುವವರಿಗೆ ರಾಜ್ಯದಲ್ಲಿ ಇದಕ್ಕೆ ಸಾಟಿಯಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಎದುರಾಗುವುದು ಮೂರು ಬೃಹತ್ ಮೂರ್ತಿಗಳು: ನಡುವೆ ಸುಮಾರು 60 ಅಡಿ ಎತ್ತರದ ಶಾಕ್ಯಮುನಿ ಬುದ್ಧ, ಆಚೀಚೆ 58 ಅಡಿಯ ಪದ್ಮಸಂಭವ ಮತ್ತು ಅಮಿತಾಯು. ತಾಮ್ರದ ಮೈಗೆ ಚಿನ್ನದ ಲೇಪನ ಕೊಟ್ಟಿರುವ ಈ ಮೂರ್ತಿಗಳನ್ನು ಹೆಚ್ಚಿನವರು ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ಸೆರೆಹಿಡಿದು ಹೊರಟುಬಿಡುತ್ತಾರೆ. ಮೂವರನ್ನೂ ಬೇರೆ ಬೇರೆಯಾಗಿ ಗುರುತಿಸಲು ಐದು ನಿಮಿಷ ಕೊಟ್ಟರೆ ಭೇಟಿಗೆ ಬೇರೆಯೇ ತೂಕ ಬರುತ್ತದೆ. ಅಮಿತಾಯುವಿನ ಕೈಗಳಲ್ಲಿ ದೀರ್ಘಾಯುಷ್ಯದ ಅಮೃತಕಲಶವಿದೆ. ಕಿರೀಟದಂಥ ಟೋಪಿ ಧರಿಸಿ ತೆಳುಮೀಸೆ ಬಿಟ್ಟಿರುವವನು ಎಂಟನೆಯ ಶತಮಾನದಲ್ಲಿ ಭಾರತದಿಂದ ಟಿಬೆಟಿಗೆ ಹೋಗಿ ಅಲ್ಲಿ ತಾಂತ್ರಿಕ ಬೌದ್ಧ ಮಾರ್ಗವನ್ನು ನೆಲೆಗೊಳಿಸಿದನೆಂದು ನಂಬಲಾಗುವ ಪದ್ಮಸಂಭವ. ಞಿಂಗ್ಮಾದವರಿಗೆ ಅವನು ಗುರು ರಿನ್‌ಪೊಚೆ, ಎರಡನೆಯ ಬುದ್ಧ. ಗೋಡೆಗಳ ತುಂಬ ಬರೆದಿರುವ ಚಿತ್ರಗಳಲ್ಲಿ ಕೋರೆಹಲ್ಲು, ತಲೆಬುರುಡೆಯ ಮಾಲೆ, ಬೆಂಕಿಯ ಜ್ವಾಲೆಗಳಿಂದ ಕೂಡಿದ ರೂಪಗಳನ್ನು ಕಂಡು ಮಕ್ಕಳು ರಾಕ್ಷಸರೇ ಎಂದು ಕೇಳುವುದುಂಟು. ಅವರು ಧರ್ಮವನ್ನು ಕಾಯುವವರು, ಸಾಧಕನೊಳಗಿನ ಕ್ರೋಧ ಮೋಹಗಳನ್ನು ತುಳಿಯುವವರು ಎಂದು ಹೇಳಿದರೆ, ನಮ್ಮ ಕಾಳಿ, ಭೈರವ, ವೀರಭದ್ರರನ್ನು ಬಲ್ಲ ಮನೆಗಳ ಮಕ್ಕಳಿಗೆ ಅದು ಬೇಗ ಅರ್ಥವಾಗುತ್ತದೆ.

ಅನುಕೂಲದ ದೃಷ್ಟಿಯಿಂದಲೂ ಬೈಲಕುಪ್ಪೆಯೇ ಮುಂದು. ಮೈಸೂರಿನಿಂದ ಸುಮಾರು 80 ಕಿಲೋಮೀಟರ್, ಬೆಂಗಳೂರಿನಿಂದ ಸುಮಾರು 220. ಮಡಿಕೇರಿ ಕಡೆಯ ಸಾರಿಗೆ ಬಸ್ಸುಗಳೆಲ್ಲ ಇದೇ ಹೆದ್ದಾರಿಯಲ್ಲಿ ಹೋಗುತ್ತವೆ. ಸ್ವರ್ಣ ದೇಗುಲಕ್ಕೆ ತಿರುಗುವ ದಾರಿ ಕಾವೇರಿ ಸೇತುವೆಗೆ ಮೊದಲು ಸಿಗುವ ಕೊಪ್ಪದಲ್ಲಿದೆ. ವೇಗದೂತ ಬಸ್ಸು ಅಲ್ಲಿ ನಿಲ್ಲದಿದ್ದರೆ ಹೊಳೆ ದಾಟಿ ಕುಶಾಲನಗರದಲ್ಲಿ ಇಳಿದು ಆಟೊದಲ್ಲಿ ಹಿಂದಿರುಗಬಹುದು. ಆವರಣ ಸಮತಟ್ಟಾಗಿರುವುದರಿಂದ ಮೊಣಕಾಲು ನೋವಿನವರಿಗೆ ಹೆಚ್ಚು ಕಷ್ಟವಿಲ್ಲ. ಎದುರಿನ ಅಂಗಡಿಸಾಲಿನಲ್ಲಿ ಮೊಮೊ, ಥುಕ್ಪಾ ಸಿಗುತ್ತವೆ. ಒಂದೇ ಅಡುಗೆಮನೆಯಲ್ಲಿ ಮಾಂಸವೂ ಬೇಯುವುದನ್ನು ಒಪ್ಪದ ಸಸ್ಯಾಹಾರಿಗಳು ಕುಶಾಲನಗರದ ಹೋಟೆಲುಗಳನ್ನು ನೆಚ್ಚಿಕೊಳ್ಳುವುದು ಲೇಸು. ಕಾವೇರಿ ನಿಸರ್ಗಧಾಮ, ದುಬಾರೆ ಹತ್ತಿರದಲ್ಲೇ ಇರುವುದರಿಂದ ದೇಗುಲದಲ್ಲಿ ಆಸಕ್ತಿಯಿಲ್ಲದವರನ್ನೂ ಹೊರಡಿಸಲು ನೆಪ ಸಿಗುತ್ತದೆ.

ಇಷ್ಟೆಲ್ಲ ಅನುಕೂಲವಿರುವುದೇ ಇದರ ಅನನುಕೂಲವೂ ಹೌದು. ಕೊಡಗಿಗೆ ಹೋಗುವ ಪ್ರತಿಯೊಂದು ಟೆಂಪೊ ಟ್ರಾವೆಲರ್, ಪ್ರತಿಯೊಂದು ಶಾಲಾ ಪ್ರವಾಸದ ಬಸ್ಸು ಇಲ್ಲಿ ನಿಲ್ಲುತ್ತದೆ. ಶನಿವಾರ, ಭಾನುವಾರ, ದಸರಾ ರಜೆ, ಡಿಸೆಂಬರ್ ಕೊನೆಯ ವಾರಗಳಲ್ಲಿ ವಿಹಾರದೊಳಗೆ ಮೌನವನ್ನು ಹುಡುಕುವುದು ವ್ಯರ್ಥ. ಧ್ಯಾನಕ್ಕೆಂದು ದೂರದಿಂದ ಬರುವವರಿಗೆ ಸ್ವರ್ಣ ದೇಗುಲವನ್ನು ನಾನು ಸೂಚಿಸುವುದಿಲ್ಲ. ಅದೇ ಆವರಣದಲ್ಲಿ ಪದ್ಮಸಂಭವನ ಲೋಕವನ್ನು ಕಲ್ಪಿಸಿ ಕಟ್ಟಿರುವ ಝಂಗ್‌ದೋಕ್ ಪಲ್ರಿ ಎಂಬ ದೇಗುಲವಿದೆ. ಜನ ಅದರ ಮುಂಭಾಗದ ಚಿತ್ರ ತೆಗೆದು ಮುಂದೆ ಹೋಗುತ್ತಾರಾದ್ದರಿಂದ ಅಲ್ಲಿ ಗದ್ದಲ ತುಸು ಕಡಿಮೆ. ಬೆಳಗಿನ ಪೂಜೆಯ ಹೊತ್ತಿಗೆ ಅಲ್ಲಿರಬೇಕಾದರೆ ಹಿಂದಿನ ರಾತ್ರಿ ಮಠದ ಅತಿಥಿಗೃಹದಲ್ಲೋ ಕುಶಾಲನಗರದಲ್ಲೋ ತಂಗುವುದು ಅನಿವಾರ್ಯ. ಒಂದು ರಾತ್ರಿಯ ಬಾಡಿಗೆ ಹೆಚ್ಚಾಗುತ್ತದೆ ನಿಜ, ಆದರೆ ಸಿಗುವುದು ಬೇರೆಯೇ ಬೈಲಕುಪ್ಪೆ.

ಸ್ವರ್ಣ ದೇಗುಲಕ್ಕೇ ಪ್ರವಾಸವನ್ನು ಮುಗಿಸಿಬಿಡುವವರು ಸೆರಾ ಮತ್ತು ತಾಶಿ ಲ್ಹುನ್ಪೊ ಮಠಗಳನ್ನು ತಪ್ಪಿಸಿಕೊಳ್ಳುತ್ತಾರೆ. ಎರಡೂ ಇದೇ ವಸತಿಯೊಳಗೆ ಕೆಲವೇ ಕಿಲೋಮೀಟರ್ ದೂರದಲ್ಲಿವೆ. ಸೆರಾ ಮೂಲತಃ 1419ರಲ್ಲಿ ಲ್ಹಾಸಾ ಬಳಿ ಸ್ಥಾಪನೆಯಾದ ವಿದ್ಯಾಪೀಠ. ತಾಶಿ ಲ್ಹುನ್ಪೊ 1447ರಲ್ಲಿ ಶಿಗಾತ್ಸೆಯಲ್ಲಿ ಮೊದಲನೆಯ ದಲೈ ಲಾಮಾ ಗೆಂದುನ್ ಡ್ರುಪ್ ಸ್ಥಾಪಿಸಿದ್ದು, ದಲೈ ಲಾಮಾ ನಂತರದ ಹಿರಿಯ ಗುರುಗಳಾದ ಪಂಚೆನ್ ಲಾಮಾಗಳ ಪೀಠ. ಟಿಬೆಟಿನಿಂದ ಹೊರಬಂದ ಭಿಕ್ಷುಗಳು ಅವುಗಳನ್ನು ಇಲ್ಲಿ ಮತ್ತೆ ಕಟ್ಟಿದರು. ಆಟೊದವರಿಗೆ ಹೊರಡುವಾಗಲೇ ಸೆರಾ ಕೂಡ ಎಂದು ಹೇಳಿ ಬಾಡಿಗೆ ಮಾತಾಡಿಕೊಳ್ಳಿ.

ಮುಂಡಗೋಡ: ಎರಡನೆಯ ಭೇಟಿಗೆ, ಕುತೂಹಲಿಗಳಿಗೆ

ಉತ್ತರ ಕನ್ನಡದ ಮುಂಡಗೋಡದ ವಸತಿ 1966ರದ್ದು. ಸುತ್ತಲಿನ ಜನರ ಬಾಯಲ್ಲಿ ಇದು ಟಿಬೆಟಿಯನ್ ಕಾಲೊನಿ ಅಥವಾ ಬರಿಯ ಕ್ಯಾಂಪ್. ಜಾಗಗಳನ್ನು ಗುರುತಿಸುವುದೂ ಕ್ಯಾಂಪ್ ಸಂಖ್ಯೆಯ ಮೂಲಕವೇ. ಲಾಮಾ ಕ್ಯಾಂಪ್ ಒಂದರಲ್ಲಿ ಗಾದೆನ್, ಎರಡರಲ್ಲಿ ಡ್ರೆಪುಂಗ್. ಗಾದೆನ್ 1409ರಲ್ಲಿ, ಡ್ರೆಪುಂಗ್ 1416ರಲ್ಲಿ ಟಿಬೆಟಿನಲ್ಲಿ ಸ್ಥಾಪನೆಯಾದವು. ಬೈಲಕುಪ್ಪೆಯ ಸೆರಾದೊಡನೆ ಸೇರಿಸಿ ಇವೇ ದಲೈ ಲಾಮಾ ಅವರ ಗೆಲುಗ್ ಪಂಥದ ಮೂರು ಮಹಾಮಠಗಳು. ಗಾದೆನ್ ಮಠವನ್ನು ಸ್ಥಾಪಿಸಿದವನು ಪಂಥದ ಮೂಲಪುರುಷನಾದ ಚೊಂಗ್‌ಖಾಪಾ. ಮೂರು ಮಹಾಮಠಗಳೂ ಮರಳಿ ನೆಲೆಯೂರಿದ್ದು ಕರ್ನಾಟಕದ ಮಣ್ಣಿನಲ್ಲಿ ಎಂಬ ಸಂಗತಿಗೆ ನಮ್ಮಲ್ಲಿ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂದೇ ನನ್ನ ಭಾವನೆ.

ಇಲ್ಲಿ 60 ಅಡಿಯ ಮೂರ್ತಿ ಇಲ್ಲ, ಎದುರುಗೊಳ್ಳುವ ಅಂಗಡಿಸಾಲೂ ಇಲ್ಲ. ಚೌಕಟ್ಟಾದ ವಿಶಾಲ ಸಭಾಮಂದಿರಗಳು, ಅವುಗಳ ಸುತ್ತ ವಿದ್ಯಾರ್ಥಿ ಭಿಕ್ಷುಗಳ ವಸತಿ, ಗದ್ದೆ, ಮೆಕ್ಕೆಜೋಳದ ಹೊಲ. ಬಂದವರನ್ನು ರಂಜಿಸಬೇಕೆಂಬ ಉದ್ದೇಶ ಯಾರಿಗೂ ಇಲ್ಲದಿರುವುದೇ ಈ ಊರಿನ ಗುಣ. ಹಾಗೆಂದು ನೋಡಲು ಏನೂ ಇಲ್ಲವೆಂದಲ್ಲ. ವಾದಾಂಗಣದಲ್ಲಿ ಭಿಕ್ಷುಗಳು ಶಾಸ್ತ್ರವಾದಕ್ಕೆ ಇಳಿಯುವ ಹೊತ್ತಿಗೆ ಅಲ್ಲಿರುವ ಅವಕಾಶ ಸಿಕ್ಕಿದರೆ ಅದಕ್ಕಿಂತ ಜೀವಂತವಾದ ದೃಶ್ಯ ಯಾವ ದೇಗುಲದಲ್ಲೂ ಸಿಗಲಾರದು. ಉತ್ತರ ಹೇಳುವವನು ನೆಲದ ಮೇಲೆ ಪದ್ಮಾಸನದಲ್ಲಿ ಕುಳಿತಿರುತ್ತಾನೆ. ಪ್ರಶ್ನಿಸುವವನು ಎದುರು ನಿಂತು, ಜಾರುತ್ತಿರುವ ಕಾವಿಯನ್ನು ಹೆಗಲಿಗೆ ಎಳೆದುಕೊಂಡು, ಬಲಗೈಯನ್ನು ಹಿಂದಕ್ಕೆ ಎತ್ತಿ, ಎಡಗಾಲನ್ನು ನೆಲಕ್ಕೆ ಅಪ್ಪಳಿಸುವ ಕ್ಷಣಕ್ಕೇ ಎಡಗೈಯ ಮೇಲೆ ಚಟ್ ಎಂದು ಚಪ್ಪಾಳೆ ತಟ್ಟುತ್ತಾನೆ. ಆ ಚಪ್ಪಾಳೆಯೊಂದಿಗೆ ಪ್ರಶ್ನೆ ಮುಗಿಯುತ್ತದೆ. ಕುಳಿತವನು ತಡವರಿಸದೆ ಒಪ್ಪಬೇಕು, ನಿರಾಕರಿಸಬೇಕು ಅಥವಾ ಕಾರಣ ಕೇಳಬೇಕು. ಇಂಥ ಜೋಡಿಗಳು ಅಂಗಳದ ತುಂಬ ಇರುವಾಗ ಸದ್ದು ಜಗಳದಂತೆ ಕೇಳಿಸುತ್ತದೆ, ನಡುನಡುವೆ ನಗುವೂ ಸಿಡಿಯುತ್ತದೆ. ಭಾಷೆ ತಿಳಿಯದಿದ್ದರೂ ತರ್ಕ ಎತ್ತ ಸಾಗುತ್ತಿದೆಯೆಂಬುದು ಮುಖಗಳಿಂದಲೇ ಗೊತ್ತಾಗುತ್ತದೆ. ಅಂಚಿನಲ್ಲಿ ನಿಂತು ನೋಡಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಜೋಡಿಗಳ ನಡುವೆ ಕ್ಯಾಮೆರಾ ಹಿಡಿದು ನುಗ್ಗಬಾರದು. ಪರೀಕ್ಷೆ, ಹಬ್ಬ, ವಾರದ ರಜೆಗಳಲ್ಲಿ ವಾದ ನಡೆಯುವುದಿಲ್ಲವಾದ್ದರಿಂದ ಮಠದ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಂಡು ಹೊರಡಿ. ಇದೇ ವಾದವನ್ನು ಬೈಲಕುಪ್ಪೆಯ ಸೆರಾದಲ್ಲೂ ನೋಡಬಹುದು. ದಕ್ಷಿಣದವರು ಇದಕ್ಕಾಗಿಯೇ ಹುಬ್ಬಳ್ಳಿಯವರೆಗೆ ಹೋಗಬೇಕಿಲ್ಲ.

ಮುಂಡಗೋಡಕ್ಕೆ ಹುಬ್ಬಳ್ಳಿಯೇ ಹೆಬ್ಬಾಗಿಲು. ಅಲ್ಲಿಂದ ತಡಸ ಮಾರ್ಗವಾಗಿ ಸುಮಾರು 45 ಕಿಲೋಮೀಟರ್. ವಾಯವ್ಯ ಸಾರಿಗೆಯ ಬಸ್ಸುಗಳಿವೆ. ಹುಬ್ಬಳ್ಳಿ, ಧಾರವಾಡ, ಹಾವೇರಿ, ಶಿರಸಿಯವರಿಗೆ ಇದು ಬೆಳಿಗ್ಗೆ ಹೋಗಿ ಸಂಜೆ ಬರುವ ದಾರಿಯಾದ್ದರಿಂದ ಖರ್ಚಿನಲ್ಲಿ ಬೈಲಕುಪ್ಪೆಗಿಂತ ಎಷ್ಟೋ ಹಗುರ. ಬೆಂಗಳೂರಿನವರಿಗೆ ಲೆಕ್ಕ ತಿರುವುಮುರುವಾಗುತ್ತದೆ. ಕ್ಯಾಂಪುಗಳು ಒಂದಕ್ಕೊಂದು ದೂರದಲ್ಲಿ ಹರಡಿಕೊಂಡಿರುವುದು ನಿಜವಾದ ಕಷ್ಟ. ಸ್ವಂತ ವಾಹನ ಇಲ್ಲದಿದ್ದರೆ ಆಟೊ ಒಂದನ್ನು ಅರ್ಧ ದಿನಕ್ಕೆ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ಬೇಗ ಬೇಸರಪಡುವ ಮಕ್ಕಳೊಂದಿಗೆ ಹೋಗುವವರು ಅತ್ತಿವೇರಿ ಪಕ್ಷಿಧಾಮವನ್ನೂ ಸೇರಿಸಿಕೊಳ್ಳಬಹುದು. ದಲೈ ಲಾಮಾ ಅವರು ಉಪದೇಶಕ್ಕೆಂದು ಬಂದಿರುವ ದಿನಗಳಲ್ಲಿ ಮಾತ್ರ ಊರಿನ ಚಿತ್ರವೇ ಬದಲಾಗಿ, ವಸತಿ ಸಿಗುವುದೇ ದುಸ್ತರವಾಗುತ್ತದೆ. ಅವರನ್ನು ಕೇಳಬೇಕೆಂಬ ಆಸೆಯಿದ್ದವರಿಗೆ ಅದು ಸರಿಯಾದ ಹೊತ್ತು, ಮಠದ ದಿನಚರಿ ನೋಡಬೇಕೆನ್ನುವವರಿಗೆ ತಪ್ಪು ಹೊತ್ತು.

ಗಾಂಧಿನಗರದ ಮಹಾಬೋಧಿ: ಕುಳಿತುಕೊಳ್ಳುವವರಿಗೆ

ಮೆಜೆಸ್ಟಿಕ್‌ನ ಗದ್ದಲದಿಂದ ನಡೆದು ಹೋಗುವಷ್ಟು ದೂರದಲ್ಲಿ, ಗಾಂಧಿನಗರದ ಕಾಳಿದಾಸ ರಸ್ತೆಯಲ್ಲಿ ಮಹಾಬೋಧಿ ಸೊಸೈಟಿಯ ವಿಹಾರವಿದೆ. ಆಚಾರ್ಯ ಬುದ್ಧರಕ್ಖಿತ ಅವರು ಇದನ್ನು ಸ್ಥಾಪಿಸಿದ್ದು 1956ರಲ್ಲಿ, ಅಂದರೆ ಬುದ್ಧನ ಪರಿನಿರ್ವಾಣದ 2500ನೆಯ ವರ್ಷವನ್ನು ದೇಶವೆಲ್ಲ ಆಚರಿಸಿದ ಕಾಲದಲ್ಲಿ. ಥೇರವಾದ ಪರಂಪರೆಯ ಈ ವಿಹಾರದಲ್ಲಿ ಕಣ್ಣು ಕೋರೈಸುವಂಥದ್ದು ಕಡಿಮೆ. ಬುದ್ಧಮೂರ್ತಿ, ಬೋಧಿವೃಕ್ಷ, ಪಠಣ, ಧ್ಯಾನ ಮತ್ತು ಪುಸ್ತಕಗಳು ಇಲ್ಲಿನ ಆಸ್ತಿ. ಹುಣ್ಣಿಮೆಯ ದಿನ ಬಂದರೆ ತ್ರಿಶರಣ, ಪಂಚಶೀಲಗಳನ್ನು ಭಿಕ್ಷುಗಳು ಪಾಲಿಯಲ್ಲಿ ಹೇಳಿಕೊಡುವುದನ್ನೂ, ಜನ ಅದನ್ನು ಸಾಲುಸಾಲಾಗಿ ಮರುನುಡಿಯುವುದನ್ನೂ ಕೇಳಬಹುದು.

ದಾರಿಖರ್ಚು ನಗರದ ಬಸ್ಸಿನ ಅಥವಾ ಮೆಟ್ರೊದ ಚೀಟಿಯಷ್ಟೇ. ಬೌದ್ಧ ಧರ್ಮವನ್ನು ಓದಿ ತಿಳಿದು, ಮುಂದೇನು ಎಂದು ಕೇಳುವ ಬೆಂಗಳೂರಿನವರಿಗೆ ನಾನು ಮೊದಲು ಹೇಳುವುದು ಈ ವಿಳಾಸವನ್ನೇ, ಏಕೆಂದರೆ 220 ಕಿಲೋಮೀಟರ್ ದೂರದ ದೇಗುಲಕ್ಕೆ ವರ್ಷಕ್ಕೊಮ್ಮೆ ಹೋಗಬಹುದು, ಇಲ್ಲಿಗೆ ವಾರಕ್ಕೊಮ್ಮೆ ಬರಬಹುದು. ಪ್ರವಾಸದ ಹುರುಪಿನಲ್ಲಿರುವವರಿಗೆ ಮಾತ್ರ ಇದು ಸಪ್ಪೆಯೆನ್ನಿಸುತ್ತದೆ. ಊರಿನಿಂದ ಬಂದ ನೆಂಟರನ್ನು ಬೆಂಗಳೂರು ತೋರಿಸಲು ಕರೆದೊಯ್ಯುವ ಜಾಗಗಳ ಪಟ್ಟಿಗೆ ಇದನ್ನು ಸೇರಿಸಬೇಡಿ.

ಕಲಬುರಗಿ ಮತ್ತು ಸನ್ನತಿ: ಒಂದೇ ಜಿಲ್ಲೆಯಲ್ಲಿ ಹೊಸದೂ ಹಳೆಯದೂ

ಕಲಬುರಗಿ ನಗರದ ಹೊರವಲಯದಲ್ಲಿ, ಗುಲಬರ್ಗಾ ವಿಶ್ವವಿದ್ಯಾಲಯದ ಬಳಿ ಇರುವ ಬುದ್ಧವಿಹಾರ 2009ರ ಜನವರಿಯಲ್ಲಿ ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅವರಿಂದ ಉದ್ಘಾಟನೆಗೊಂಡಿತು. ಬಿಳಿಯ ಗುಮ್ಮಟ, ಸಾಂಚಿಯನ್ನು ನೆನಪಿಸುವ ತೋರಣ, ಒಳಗೆ ಹೊಂಬಣ್ಣದ ಬುದ್ಧ, ಧ್ಯಾನಮಂದಿರ. ಬೈಲಕುಪ್ಪೆಯ ಬಣ್ಣಗಳ ದಟ್ಟಣೆ ಕಂಡವರಿಗೆ ಇಲ್ಲಿನ ಬಯಲು ಮತ್ತು ಬಿಳುಪು ಬೇರೆಯೇ ಅನುಭವ ಕೊಡುತ್ತವೆ. ಅಂಬೇಡ್ಕರ್ ಜಯಂತಿ, ಬುದ್ಧಪೂರ್ಣಿಮೆ, ಅಂಬೇಡ್ಕರ್ ದೀಕ್ಷೆಯ ನೆನಪಿನ ಧಮ್ಮಚಕ್ರ ಪ್ರವರ್ತನ ದಿನಗಳಂದು ಸುತ್ತಲಿನ ಜಿಲ್ಲೆಗಳಿಂದ ಬಿಳಿ ಉಡುಪಿನ ಕುಟುಂಬಗಳು ಬರುತ್ತವೆ. ಜೈ ಭೀಮ್ ಎಂದು ಯಾರಾದರೂ ನಮಸ್ಕರಿಸಿದರೆ ಅದೇ ಮಾತಿನಲ್ಲಿ ಮರಳಿ ನಮಸ್ಕರಿಸುವುದು ಸೌಜನ್ಯ.

ಆದರೆ ಕಲಬುರಗಿಯವರೆಗೆ ಹೋಗಿ ಸನ್ನತಿಯನ್ನು ಬಿಟ್ಟು ಬರುವುದು ಸಲ್ಲದು. ಭೀಮಾ ನದಿಯ ದಂಡೆಯ ಈ ಊರಿಗೆ ಉತ್ತರ ಕರ್ನಾಟಕದ ಅನೇಕ ಕುಟುಂಬಗಳು ಚಂದ್ರಲಾಂಬೆಯ ದರ್ಶನಕ್ಕೆ ಮೊದಲಿನಿಂದಲೂ ಬರುತ್ತಿದ್ದವು. 1986ರಲ್ಲಿ ಆ ಆವರಣದ ಕಾಳಿಕಾ ಗುಡಿಯ ಛಾವಣಿ ಕುಸಿದಾಗ, ದೇವಿಯ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಇರುವುದು ಬೆಳಕಿಗೆ ಬಂತು. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿದಾಗ ಮಹಾಸ್ತೂಪವೊಂದರ ಅವಶೇಷ ಸಿಕ್ಕಿತು. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಜಾತಕ ಕಥೆಗಳನ್ನೂ ಶಾತವಾಹನ ಅರಸರನ್ನೂ ಕೆತ್ತಿದ ಸುಣ್ಣಕಲ್ಲಿನ ಫಲಕಗಳ ನಡುವೆ, ರಾಣಿ ಮತ್ತು ಪರಿಚಾರಿಕೆಯರೊಂದಿಗೆ ನಿಂತ ಅರಸನೊಬ್ಬನ ಫಲಕವಿದೆ. ಅದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ‘ರಾಯಾ ಅಸೋಕೋ’ ಎಂದು ಬರೆದಿದೆ. ಮೌರ್ಯ ಚಕ್ರವರ್ತಿಯ ಹೆಸರನ್ನೇ ಹೊತ್ತ ಪ್ರಾಚೀನ ಶಿಲ್ಪ ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸಿಕ್ಕಿತೆಂಬುದು ಇತಿಹಾಸದಲ್ಲಿ ಆಸಕ್ತಿಯಿರುವ ಯಾರಿಗಾದರೂ ಪ್ರಯಾಣಕ್ಕೆ ಸಾಕಾದ ಕಾರಣ.

ಬೆಲೆ ತೆರಬೇಕಾದದ್ದು ಶ್ರಮದ ರೂಪದಲ್ಲಿ. ಬೆಂಗಳೂರಿನಿಂದ ಕಲಬುರಗಿಗೆ ರಾತ್ರಿ ರೈಲು ಹಿಡಿದು, ಅಲ್ಲಿಂದ ಸನ್ನತಿಗೆ ಬಾಡಿಗೆ ಕಾರು ಮಾಡಿಕೊಳ್ಳಬೇಕು; ನಾಲ್ವರು ಹಂಚಿಕೊಂಡರೆ ಹೊರೆಯಾಗದು, ಒಬ್ಬರೇ ಹೋದರೆ ಈ ಪಟ್ಟಿಯಲ್ಲಿ ಇದೇ ದುಬಾರಿ. ಬಸ್ಸುಗಳನ್ನು ನಂಬಿದರೆ ಹಣ ಉಳಿದರೂ ದಿನ ಪೂರ್ತಿ ಕಳೆಯುತ್ತದೆ. ನೆರಳು, ಊಟ, ನೀರಿನ ವ್ಯವಸ್ಥೆಯನ್ನು ನೀವೇ ನೋಡಿಕೊಳ್ಳಬೇಕಾದ್ದರಿಂದ ವಯಸ್ಸಾದವರನ್ನು ವಿಹಾರಕ್ಕೆ ಕರೆದೊಯ್ಯಿರಿ, ಸ್ತೂಪಕ್ಕೆ ಬೇಡ. ಪೂಜೆ, ಪಠಣ, ಭಿಕ್ಷುಗಳು ಇಲ್ಲದ ಕಲ್ಲುಗಳ ನಡುವೆ ಏನು ನೋಡುವುದು ಎನ್ನುವವರೂ ಇದನ್ನು ಬಿಡುವುದೇ ಮೇಲು.

ದಾರಿಯಲ್ಲಿ ಸಿಗುವ ಇನ್ನು ಕೆಲವು

ಮೈಸೂರಿನಿಂದ ಬೈಲಕುಪ್ಪೆಗೆ ಹೋಗುವ ಕಡೆಯೇ, ಹುಣಸೂರು ಬಳಿಯ ಗುರುಪುರದಲ್ಲಿ ಗ್ಯುಮೆ ತಾಂತ್ರಿಕ ಮಠವಿದೆ. ಗಂಟಲಾಳದಿಂದ ಹೊಮ್ಮುವ ಮಂದ್ರಸ್ವರದ ಪಠಣಕ್ಕೆ ಹೆಸರಾದ ಪರಂಪರೆ ಇದು. ಕೊಳ್ಳೇಗಾಲ ಕಡೆಯ ಒಡೆಯರಪಾಳ್ಯದಲ್ಲೂ ಟಿಬೆಟನ್ ವಸತಿಯಿದೆ, ಬೆಟ್ಟದ ದಾರಿಯೇ ಅದರ ಅರ್ಧ ಸೊಗಸು. ಐಹೊಳೆಗೆ ಹೋದವರು ಮೇಗುತಿ ಬೆಟ್ಟ ಹತ್ತುವಾಗ ಎರಡಂತಸ್ತಿನ ಬೌದ್ಧ ಚೈತ್ಯದ ಬಳಿ ನಿಂತು ಮೇಲಂತಸ್ತಿನ ಛಾವಣಿಯಲ್ಲಿ ಕೆತ್ತಿದ ಬುದ್ಧನನ್ನು ನೋಡಲಿ. ಮಂಗಳೂರಿನ ಕದ್ರಿ ಮಂಜುನಾಥನ ಗುಡಿಯಲ್ಲಿ 968ರ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿಯೂ ಬೌದ್ಧ ನಂಟಿನದೇ. ಇವು ಬೇರೆ ಕೆಲಸಕ್ಕೆ ಹೋದಾಗ ಸೇರಿಸಿಕೊಳ್ಳತಕ್ಕವು. ಇವುಗಳಿಗಾಗಿಯೇ ಹೊರಡುವಂತೆ ಹೇಳಲಾರೆ.

ಒಳಗೆ ಹೋದ ಮೇಲೆ

ಎಲ್ಲ ಕಡೆಗೂ ಹೊಂದುವ ಕೆಲವು ನಡವಳಿಕೆಗಳಿವೆ. ಚಪ್ಪಲಿ, ಟೋಪಿ ಹೊರಗಿರಲಿ. ಹೆಗಲು, ಮೊಣಕಾಲು ಮುಚ್ಚುವ ಉಡುಪಿರಲಿ. ಪ್ರದಕ್ಷಿಣೆ ನಮ್ಮ ಗುಡಿಗಳಂತೆಯೇ ಬಲಕ್ಕೆ, ಪ್ರಾರ್ಥನಾ ಚಕ್ರಗಳನ್ನು ತಿರುಗಿಸುವುದೂ ಅದೇ ದಿಕ್ಕಿಗೆ. ಕುಳಿತಾಗ ಅಂಗಾಲು ಮೂರ್ತಿಯ ಕಡೆಗೆ ಚಾಚಬಾರದು. ಸಭಾಮಂದಿರದಲ್ಲಿ ಸಾಲಾಗಿ ಹಾಸಿರುವ ದಪ್ಪ ಮೆತ್ತೆಗಳು ಭಿಕ್ಷುಗಳಿಗೆ ಮೀಸಲು. ಎಷ್ಟೇ ಖಾಲಿಯಿದ್ದರೂ ಅವುಗಳ ಮೇಲೆ ಕುಳಿತು ಚಿತ್ರ ತೆಗೆಸಿಕೊಳ್ಳುವುದು ಬೇಡ. ಪೂಜೆ ನಡೆಯುತ್ತಿದ್ದರೆ ಗೋಡೆಯ ಬದಿಗೆ ಕುಳಿತು ಕೇಳಬಹುದು, ನಡುವೆ ಹಾದು ಹೋಗುವಂತಿಲ್ಲ. ತೀರ್ಥ, ಕುಂಕುಮ, ಮಂಗಳಾರತಿಗಾಗಿ ಕಾಯುವ ಹಿರಿಯರಿಗೆ ಅಂಥದ್ದು ಇಲ್ಲಿಲ್ಲವೆಂದು ಮೊದಲೇ ತಿಳಿಸಿದರೆ ಅವರಿಗೂ ಮುಜುಗರವಿಲ್ಲ. ಬಯಸಿದವರು ಬೆಣ್ಣೆದೀಪ ಹಚ್ಚಿಸಬಹುದು. ಎಳೆಯ ಭಿಕ್ಷುಗಳನ್ನು ಕಂಡ ಕೂಡಲೇ ಗಲ್ಲ ಹಿಂಡಿ ಸೆಲ್ಫಿಗೆ ಎಳೆಯುವ ಅಭ್ಯಾಸವನ್ನಂತೂ ನಮ್ಮ ಪ್ರವಾಸಿಗರು ಬಿಡಲೇಬೇಕು. ಅವರು ವಿದ್ಯಾರ್ಥಿಗಳು, ಪಾಠಕ್ಕೆ ಹೊರಟಿರುತ್ತಾರೆ.

ಯಾವ ತಿಂಗಳು, ಯಾರೊಂದಿಗೆ

ಟಿಬೆಟನ್ ಹೊಸ ವರ್ಷವಾದ ಲೋಸರ್ ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚಿನಲ್ಲಿ ಬರುತ್ತದೆ. ಆ ಸುಮಾರಿಗೆ ಬೈಲಕುಪ್ಪೆಯಲ್ಲಿ ಮುಖವಾಡದ ಛಮ್ ನೃತ್ಯ, ಬೃಹತ್ ಥಂಕಾ ಚಿತ್ರಪಟದ ಪ್ರದರ್ಶನ ನೋಡಸಿಗುತ್ತವೆ. ಬದಲಿಗೆ ಜನಜಂಗುಳಿಯನ್ನು ಸಹಿಸಬೇಕು, ಕೋಣೆಯನ್ನು ಬಹಳ ಮೊದಲೇ ಕಾಯ್ದಿರಿಸಬೇಕು. ಚಳಿಗಾಲದಲ್ಲಿ ಕ್ಯಾಂಪುಗಳ ಅನೇಕ ಕುಟುಂಬಗಳು ಸ್ವೆಟರ್ ವ್ಯಾಪಾರಕ್ಕೆಂದು ಊರೂರಿಗೆ ಹೋಗಿರುವುದರಿಂದ ವಸತಿಯ ಬೀದಿಗಳು ಖಾಲಿಯೆನ್ನಿಸಬಹುದು, ಮಠಗಳೊಳಗೆ ಆ ವ್ಯತ್ಯಾಸ ಕಾಣುವುದಿಲ್ಲ. ಮಳೆಗಾಲದಲ್ಲಿ ಮುಂಡಗೋಡದ ಹಸಿರು ಚೆಂದ, ಕ್ಯಾಂಪಿನಿಂದ ಕ್ಯಾಂಪಿಗೆ ಬೈಕಿನಲ್ಲಿ ಅಲೆಯುವುದು ಕಷ್ಟ. ಕಲಬುರಗಿಯ ವಿಷಯದಲ್ಲಿ ಮಾತ್ರ ಇಕ್ಕಟ್ಟಿದೆ: ಅಂಬೇಡ್ಕರ್ ಜಯಂತಿ ಏಪ್ರಿಲ್‌ನಲ್ಲಿ, ಬುದ್ಧಪೂರ್ಣಿಮೆ ಸಾಮಾನ್ಯವಾಗಿ ಮೇ ತಿಂಗಳಿನಲ್ಲಿ ಬರುವುದರಿಂದ ವಿಹಾರಕ್ಕೆ ಕಳೆಯೇರುವುದು ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲೇ. ಉತ್ಸವ ಬೇಕೆಂದರೆ ಆಗ ಹೋಗಿ ಸಂಜೆ ವಿಹಾರ ನೋಡಿ. ಸನ್ನತಿಯೇ ಮುಖ್ಯವಾದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೊರಡಿ.

ಹಳೆ ಮೈಸೂರು ಭಾಗದ, ಮಕ್ಕಳೂ ಹಿರಿಯರೂ ಇರುವ ಕುಟುಂಬ ಮೊದಲ ಬಾರಿಗೆ ಹೊರಡುತ್ತಿದ್ದರೆ ಬೈಲಕುಪ್ಪೆಯನ್ನು ಬಿಟ್ಟು ಬೇರೆ ಯೋಚನೆ ಬೇಡ, ಆದರೆ ವಾರದ ನಡುವಿನ ದಿನ ಹೋಗಲಿ. ಸ್ವರ್ಣ ದೇಗುಲವನ್ನು ಒಮ್ಮೆ ನೋಡಿದವರು, ತರ್ಕ ತತ್ವಗಳಲ್ಲಿ ಆಸಕ್ತಿಯಿರುವವರು, ಹುಬ್ಬಳ್ಳಿ ಧಾರವಾಡದ ಆಸುಪಾಸಿನವರು ಮುಂಡಗೋಡಕ್ಕೆ ಹೋಗಲಿ. ನನ್ನನ್ನು ಕೇಳಿದರೆ ಮತ್ತೆ ಮತ್ತೆ ಹೋಗತಕ್ಕ ಊರು ಅದೇ. ಕೈಯಲ್ಲಿ ಹಣವೂ ಹೊತ್ತೂ ಕಡಿಮೆಯಿರುವ ಬೆಂಗಳೂರಿನ ವಿದ್ಯಾರ್ಥಿಗೆ ಗಾಂಧಿನಗರ ಸಾಕು. ಅಧ್ಯಾಪಕರು, ಶಾಸನಗಳ ಗೀಳಿನವರು, ಗೆಳೆಯರೊಂದಿಗೆ ಕಾರು ಹಂಚಿಕೊಳ್ಳಬಲ್ಲವರು ಸನ್ನತಿಯನ್ನು ಆರಿಸಿಕೊಳ್ಳಲಿ, ಕಲಬುರಗಿಯ ವಿಹಾರ ಆ ಪ್ರಯಾಣಕ್ಕೆ ತಾನಾಗಿ ಸೇರಿಕೊಳ್ಳುತ್ತದೆ.

ಹೊರದೇಶಗಳಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದಿರುವ ಕನ್ನಡಿಗರಿಗೆ, ವಿದೇಶಿ ಗೆಳೆಯರನ್ನೋ ಬಾಳಸಂಗಾತಿಯನ್ನೋ ಕರೆತರುವವರಿಗೆ ಇನ್ನೊಂದು ಮಾತು. ಟಿಬೆಟನ್ ವಸತಿಗಳೊಳಗೆ ರಾತ್ರಿ ತಂಗಲು ವಿದೇಶಿ ಪೌರರಿಗೆ ಕೇಂದ್ರ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶ ಪರವಾನಗಿ ಬೇಕಾಗುತ್ತದೆ, ಅದು ಕೈಸೇರಲು ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಅಂಥವರು ಬೈಲಕುಪ್ಪೆಯನ್ನು ಹಗಲು ನೋಡಿ ಕುಶಾಲನಗರದಲ್ಲಿ ಉಳಿಯುವುದು ಸುಲಭದ ದಾರಿ. ಮುಂಡಗೋಡದ ಮಠದಲ್ಲೇ ಇದ್ದು ಕೆಲವು ದಿನ ಕಲಿಯಬೇಕೆಂಬ ಆಸೆಯಿದ್ದರೆ ವಿಮಾನದ ಚೀಟಿ ಕೊಳ್ಳುವುದಕ್ಕೂ ಮೊದಲು ಆ ಅರ್ಜಿ ಹಾಕಿರಬೇಕು.